ಸದ್ದಿಲ್ಲದ ಕರೆಗಳನ್ನು ಕತ್ತರಿಸಿದ ದಿನ

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಒಬ್ಬ ಮುದುಕ ಫೋನಿನಲ್ಲಿ ನನ್ನ ಕೈ ಕಡಿಯುತ್ತೇನೆ ಎಂದ. ಅವನ ಊರಿಗೆ ಐದು ದಿನದಿಂದ ನೀರಿನ ಟ್ಯಾಂಕರ್ ಹೋಗಿರಲಿಲ್ಲ. "ಯಾವ ಕೈಲೆ ಬರಕೋತಿ?" ಎಂದು ಕೇಳಿದ. ಬಲಗೈಲೆರಿ ಎಂದೆ. "ಹಂಗಾರ ಅದೇ ಕೈ ಕಡೀತೇನಿ," ಎಂದು ಸ್ವಲ್ಪ ತಡೆದು, "ಊಟ ಆಯ್ತೇನವ್ವಾ?" ಎಂದ.

ಅದು ಬರಗಾಲದ ಎರಡನೆಯ ವರ್ಷ. ಬೀದರಿನ ಚೌಬಾರದ ಹತ್ತಿರ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ, ಟ್ಯಾಂಕರ್ ಗುತ್ತಿಗೆ ಹಿಡಿದ ಖಾಸಗಿಯವರ ಆಫೀಸು. ಬೀದರ್, ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಂದ ಬರುವ ಕರೆಗಳಿಗೆ ಉತ್ತರ ಹೇಳಲು ನಾವು ಐದು ಜನ ಹುಡುಗಿಯರಿದ್ದೆವು. ದಿನಕ್ಕೆ ಇಪ್ಪತ್ತು ಸಲವಾದರೂ ಯಾರಾದರೂ ನಮ್ಮನ್ನು ಕೊಲ್ಲುವ ಮಾತಾಡುತ್ತಿದ್ದರು. ಸುಡುತ್ತೇವೆ, ಬಾವಿಗೆ ನೂಕುತ್ತೇವೆ, ನಿಮ್ಮ ಮನೆಯ ಹೆಂಗಸರನ್ನು ಎಳೆದು ತರುತ್ತೇವೆ. ಬಾವಿಯಲ್ಲಿ ನೀರಿಲ್ಲದಿದ್ದರೂ ಬಾವಿಗೆ ನೂಕುವ ಮಾತು ಮಾತ್ರ ನಿಂತಿರಲಿಲ್ಲ. ನನ್ನ ಪಕ್ಕದ ಹುಡುಗಿ ಒಮ್ಮೆ, "ಬಾವಿ ಖಾಲಿ ಅದ ಅಲ್ರಿ ಕಾಕಾ, ಬಿದ್ದರ ಕಾಲಷ್ಟೇ ಮುರೀತದ," ಎಂದು ಹೇಳಿ ಮ್ಯಾನೇಜರರಿಂದ ಬೈಸಿಕೊಂಡಳು.

ನನಗೆ ಈ ಕೆಲಸ ಕೊಡಿಸಿದವನು ಅಣ್ಣ. ಅವನು ಅದೇ ಗುತ್ತಿಗೆಯಲ್ಲಿ ಟ್ಯಾಂಕರ್ ಡ್ರೈವರ್. ಅವ್ವ, ಅಪ್ಪ ಇಬ್ಬರೂ ನಾನು ಸಾಲೆಯಲ್ಲಿದ್ದಾಗಲೇ ತೀರಿಹೋಗಿದ್ದರು. ಅಣ್ಣನ ಹೆಂಡತಿ, ನನ್ನ ವೈನಿ, ಭಾಲ್ಕಿಯವಳು. ಹದಿಮೂರರ ನನಗೆ ಜಡೆ ಹಾಕಿ ಸಾಲೆಗೆ ಕಳಿಸಿದವಳು, ಮುಂದೆ ಪಾಲಿಟೆಕ್ನಿಕ್‌ಗೆ ಹೋಗುವಾಗ ತನ್ನ ಸೀರೆಯನ್ನು ಹರಿದು ನನಗೆ ಓಢಣಿ ಮಾಡಿಕೊಟ್ಟವಳು. ನನಗೆ ಮನೆ ಎಂದರೆ ಇವರಿಬ್ಬರೇ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಮೂವರೂ ಇದ್ದೆವು.

ಪಾಲಿಟೆಕ್ನಿಕ್ ಕಲಿತವಳು ನಾನೊಬ್ಬಳೇ ಆದ್ದರಿಂದ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಅದು ಜಿನಿಸಿನ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಪೆಟ್ಟಿಗೆ. ಅಣ್ಣ ಅದನ್ನು ಡಬ್ಬಿ ಎಂದೇ ಕರೆಯುತ್ತಿದ್ದ. ಹಳ್ಳಿಯ ಮೊಬೈಲಿನಿಂದ ಬಂದ ದನಿ ಇಂಟರ್ನೆಟ್ಟಿನಲ್ಲಿ ಚೂರು ಚೂರಾಗಿ ಬರುತ್ತದೆ. ಆ ಚೂರುಗಳನ್ನು ಬಿಚ್ಚಿ, ನಮ್ಮ ಫೋನುಗಳಿಗೆ ತಿಳಿಯುವಂತೆ ಮತ್ತೆ ಕಟ್ಟಿ, ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು ಡಬ್ಬಿಯ ಕೆಲಸ. ಹೊತ್ತು ತಪ್ಪಿದ ಚೂರನ್ನು ಅದು ಎಸೆದುಬಿಡುತ್ತದೆ. ಡಬ್ಬಿಯ ಪ್ರೊಸೆಸರಿಗೆ ಪುರುಸೊತ್ತು ಇರುವ ತನಕ ಮಾತು ಮಾತಾಗಿಯೇ ಕೇಳುತ್ತದೆ.

ಡಬ್ಬಿ ಕೂಡಿಸಲು ಹೈದರಾಬಾದಿನಿಂದ ಬಂದ ಮನುಷ್ಯ ಎರಡು ದಿನ ಇದ್ದು ನನಗೆ ಕಲಿಸಿಕೊಟ್ಟ. ಪರದೆಯ ಮೇಲೆ ಎರಡು ಅಂಕಿ ಇರುತ್ತಿದ್ದವು. ಒಂದು, ಆ ಕ್ಷಣ ಎಷ್ಟು ಮಾತುಕತೆ ನಡೆಯುತ್ತಿವೆ ಎಂಬುದು. ಇನ್ನೊಂದು, ಪ್ರೊಸೆಸರ್ ನೂರಕ್ಕೆ ಎಷ್ಟು ದುಡಿಯುತ್ತಿದೆ ಎಂಬುದು. "ಬಾತಾಂ ಗಿನ್ತೆ ರಹೋ ಬೆಹೆನ್, ಬಸ್," ಎಂದ. ಮಾತುಗಳನ್ನು ಎಣಿಸುತ್ತಾ ಇರು, ಸಾಕು. ನಲವತ್ತು ಮಾತುಕತೆಯವರೆಗೆ ಚಿಂತೆಯಿಲ್ಲ ಎಂದ. ನಾವು ಐದೇ ಜನ. ನಲವತ್ತು ಎಲ್ಲಿಂದ ಆಗಬೇಕು ಎಂದು ನಾನು ನಿಶ್ಚಿಂತಳಾದೆ.

ಈಗ ಮಿಸ್ಡ್ ಕಾಲ್ ವಿಷಯ ಹೇಳಬೇಕು. ನಮ್ಮ ಕಡೆ ಅರ್ಧಕ್ಕರ್ಧ ಮನೆಗಳಿಂದ ಯಾರಾದರೂ ಹೈದರಾಬಾದಿಗೋ ಪುಣೆಗೋ ದುಡಿಯಲು ಹೋಗಿದ್ದರು. ಹೋದವರು ಮುಟ್ಟಿದೆ ಎಂದು ತಿಳಿಸಲು ಒಂದು ರಿಂಗ್ ಕೊಟ್ಟು ಕತ್ತರಿಸುತ್ತಿದ್ದರು. ಊರಲ್ಲಿದ್ದವರು ತಿಳಿಯಿತು ಎಂದು ತಿರುಗಿ ಒಂದು ರಿಂಗ್ ಕೊಡುತ್ತಿದ್ದರು. ಅದು ಮರ್ಯಾದೆ. ನಡುವೆ ಯಾರಾದರೂ ಮರೆತು ಎತ್ತಿಬಿಟ್ಟರೆ, "ಯಾಕ ಎತ್ತಿದಿ? ಎಲ್ಲಾ ಹಾಳ ಮಾಡ್ದಿ," ಎಂದು ಬೈಗುಳ. ನಾನೂ ಹಾಗೆಯೇ ಬೆಳೆದವಳು.

ಆಫೀಸಿನವರು ಟ್ಯಾಂಕರುಗಳ ಮೇಲೆ ದೊಡ್ಡ ಅಕ್ಷರದಲ್ಲಿ ನಂಬರ್ ಬರೆಸಿದರು: ಮಿಸ್ಡ್ ಕಾಲ್ ಕೊಡಿ, ನಾವೇ ಫೋನ್ ಮಾಡುತ್ತೇವೆ. ಮಿಸ್ಡ್ ಕಾಲ್ ಬಂದ ನಂಬರಿಗೆ ಡಬ್ಬಿ ತಾನೇ ತಿರುಗಿ ಕರೆ ಮಾಡುತ್ತಿತ್ತು. ಎತ್ತದಿದ್ದರೆ ಐದು ನಿಮಿಷ ಬಿಟ್ಟು ಇನ್ನೊಂದು ಸಲ. ಕೆಲವರು, ನಮಗೆ ಯಾರೂ ತಿರುಗಿ ಫೋನ್ ಮಾಡಲೇ ಇಲ್ಲ ಎಂದು ದೂರು ಕೊಟ್ಟರು. ಮ್ಯಾನೇಜರರು ಸರಿ ಮಾಡು ಎಂದರು. ನಾನು ಆರು ಸಲ ಕರೆ ಮಾಡುವಂತೆ, ನಡುವೆ ಅರ್ಧ ನಿಮಿಷವಷ್ಟೇ ಬಿಡುವಂತೆ ಬದಲಿಸಿದೆ. ಯಾರನ್ನೂ ಕೇಳಲಿಲ್ಲ. ಅಂದು ಮನೆಗೆ ಬಂದು ಹೆಮ್ಮೆಯಿಂದ ಹೇಳಿಕೊಂಡೆ.

ಅಣ್ಣ ಆಗ ಮುಂಗೈಗೆ ಅರಿಷಿಣ ಹಚ್ಚಿಸಿಕೊಳ್ಳುತ್ತಾ ಕುಳಿತಿದ್ದ. ಯಾರೋ ಕಚ್ಚಿದ್ದರು. ಹಲ್ಲಿನ ಗುರುತು ಸಾಲಾಗಿ ಎದ್ದು ಕಾಣುತ್ತಿತ್ತು.

"ಗಂಡಸೋ ಹೆಂಗಸೋ?" ಎಂದಳು ವೈನಿ.

"ಮುದುಕಿ. ಮುಂದಿನ ಎರಡು ಹಲ್ಲ ಇರಲಿಲ್ಲ, ನೋಡು ಇಲ್ಲಿ, ಜಾಗ ಖಾಲಿ ಅದ."

"ಇದ್ದಿದ್ದರ ಕೈಯೇ ಕಡಕೊಂಡು ಹೋಗ್ತಿದ್ದಳು."

"ಕೈ ಒಯ್ದು ಏನ್ ಮಾಡ್ತಾಳ? ನೀರ ಬೇಕಾಗಿತ್ತು ಆಕಿಗಿ." ನಂತರ ನನ್ನ ಕಡೆ ತಿರುಗಿ, "ತಂಗೆವ್ವಾ, ಆರು ಸಲ ಫೋನ್ ಮಾಡೂದಕ್ಕಿಂತ ನಿನ್ನ ಡಬ್ಬಿಗಿ ಒಂದ ಕೊಡ ನೀರ ಕೊಡ್ಲಾಕ ಕಲಸು," ಎಂದ.

ಅವನು ನಗುತ್ತಾ ಹೇಳಿದರೂ ಹೆದರಿದ್ದ. ಆ ತಿಂಗಳು ಸಂತಪುರದ ಆಚೆ ಒಂದು ಊರಲ್ಲಿ ಪೈಪಿನ ಬಾಯಿ ಹಿಡಿಯಲು ಹೋದವನೊಬ್ಬನ ಎರಡು ಬೆರಳು ಕಬ್ಬಿಣದ ಜೋಡಣೆಯಲ್ಲಿ ಸಿಕ್ಕಿ ಕಿತ್ತುಬಂದಿದ್ದವು. ರಕ್ತ ಬಿದ್ದ ನೀರನ್ನು ಯಾರೂ ಚೆಲ್ಲಲಿಲ್ಲ, ಮೇಲಿನದನ್ನು ಕೈಯಿಂದ ಸರಿಸಿ ತುಂಬಿಕೊಂಡರು ಎಂದು ಅಣ್ಣ ಹೇಳಿದ. ಇನ್ನೊಂದು ಕಡೆ ಒಂದೇ ಮನೆಯ ಸೊಸೆಯರಾದ ಇಬ್ಬರು ನೆಗೆಣ್ಣಿಯರು ತಾಮ್ರದ ಕೊಡದಿಂದ ಒಬ್ಬರನ್ನೊಬ್ಬರು ತಲೆಗೆ ಹೊಡೆದುಕೊಂಡಿದ್ದರು. ಕಿರಿಯವಳು ಮೂರು ದಿನ ಮಾತಾಡಲಿಲ್ಲವಂತೆ. ಅಣ್ಣ ಸೀಟಿನ ಕೆಳಗಿದ್ದ ವೀಲ್ ಪಾನಾವನ್ನು ತೆಗೆದು ಪಕ್ಕದಲ್ಲೇ ಇಟ್ಟುಕೊಳ್ಳತೊಡಗಿದ್ದ. ಅದು ಚಕ್ರದ ನಟ್ಟು ಬಿಚ್ಚುವ, ಮೊಣಕೈ ಉದ್ದದ ಕಬ್ಬಿಣ. ವೈನಿ ಬೇಡ ಎಂದಳು. ಅವನು, "ತೋರ್ಸಲಾಕ ಅಷ್ಟೇ," ಎಂದ.

ಡ್ರೈವರುಗಳಿಗೆ ಒಂದು ನಿಯಮವಿತ್ತು. ಊರಲ್ಲಿ ಜನ ಮೇಲೆ ಬಿದ್ದರೆ ಟ್ಯಾಂಕರಿನಿಂದ ಇಳಿಯದೆ ಆಫೀಸಿಗೆ ಫೋನ್ ಮಾಡಬೇಕು, ಆಫೀಸಿನವರು ಹತ್ತಿರದ ಠಾಣೆಗೆ ತಿಳಿಸಿ ಜೀಪು ಕಳಿಸುತ್ತಾರೆ. ಎರಡು ಸಲ ಹಾಗೆ ಜೀಪು ಹೋಗಿಯೂ ಇತ್ತು. ನಮ್ಮ ಸ್ವಂತ ಮೊಬೈಲುಗಳನ್ನು ಮಾತ್ರ ಬಾಗಿಲ ಬಳಿಯ ಕಪಾಟಿನಲ್ಲಿಟ್ಟು ಒಳಗೆ ಬರಬೇಕಿತ್ತು.

ಆ ದಿನ ಎರಡು ಟ್ಯಾಂಕರುಗಳನ್ನು ಭಾಲ್ಕಿ ಕಡೆ ತಿರುಗಿಸಿದ್ದರು. ಔರಾದ ಕಡೆಯ ನಾಲ್ಕು ಊರುಗಳಿಗೆ ಅಣ್ಣನದೊಂದೇ ಟ್ಯಾಂಕರ್. ಬೆಳಿಗ್ಗೆಯಿಂದಲೇ ಆ ಊರುಗಳಿಂದ ಮಿಸ್ಡ್ ಕಾಲ್ ಶುರುವಾದವು. ಒಬ್ಬರಲ್ಲ, ಮನೆಮನೆಯವರು. ಒಂದು ಮನೆಯಲ್ಲಿ ಎರಡು ಫೋನಿದ್ದರೆ ಎರಡರಿಂದಲೂ. ಹೆಚ್ಚು ರಿಂಗ್ ಕೊಟ್ಟಷ್ಟೂ ಟ್ಯಾಂಕರ್ ಬೇಗ ಬರುತ್ತದೆ ಎಂದು ಅವರು ತಿಳಿದಿದ್ದರು.

ಡಬ್ಬಿ ಎಲ್ಲರಿಗೂ ತಿರುಗಿ ಕರೆ ಮಾಡಿತು. ಆಫೀಸಿನ ನಂಬರಿನಿಂದ ರಿಂಗ್ ಬಂದದ್ದನ್ನು ಕಂಡವರು, ನಮ್ಮದು ಮುಟ್ಟಿತು, ಅವರು ತಿಳಿಸುತ್ತಿದ್ದಾರೆ ಎಂದುಕೊಂಡು ಎತ್ತದೆ ಕತ್ತರಿಸಿದರು. ಕತ್ತರಿಸಿ, ನಮಗೂ ತಿಳಿಯಿತು ಎಂದು ಮರ್ಯಾದೆಗೆ ಇನ್ನೊಂದು ರಿಂಗ್ ಕೊಟ್ಟರು. ಡಬ್ಬಿಗೆ ಅದೊಂದು ಹೊಸ ಮಿಸ್ಡ್ ಕಾಲ್. ಅದಕ್ಕೆ ಮತ್ತೆ ಆರು ಕರೆ, ಅರ್ಧರ್ಧ ನಿಮಿಷಕ್ಕೊಂದು. ನಾಲ್ಕು ಊರುಗಳೂ ಒಂದು ಪೆಟ್ಟಿಗೆಯೂ ಮಧ್ಯಾಹ್ನದವರೆಗೆ ಹೀಗೆ ಒಂದಕ್ಕೊಂದು ರಿಂಗ್ ಕೊಡುತ್ತಾ ಕುಳಿತವು. ಇದೆಲ್ಲ ನನಗೆ ಆಗ ತಿಳಿದಿರಲಿಲ್ಲ. ತಿಳಿಯಬೇಕಾಗಿತ್ತು. ಕೋಣೆಯಲ್ಲಿ ಅದು ತಿಳಿಯಬಹುದಾದವಳು ನಾನೊಬ್ಬಳೇ ಇದ್ದೆ.

ಹನ್ನೆರಡರ ಸುಮಾರಿಗೆ ಪಕ್ಕದ ಹುಡುಗಿ, "ಅಕ್ಕಾ, ದನಿ ಹರದು ಹರದು ಬರ್ಲಾಕತ್ತದ," ಎಂದಳು. ಒಂದು ಗಂಟೆಯ ಹೊತ್ತಿಗೆ ಹೆಚ್ಚಿನ ಕರೆಗಳಲ್ಲಿ ದನಿಯೇ ಇರಲಿಲ್ಲ. ಎತ್ತಿದರೆ ಬರೀ ಖಾಲಿ. ನಾನು ಪರದೆ ನೋಡಿದೆ. ಮಾತುಕತೆ ಐದು. ಪ್ರೊಸೆಸರ್ ನೂರಕ್ಕೆ ತೊಂಬತ್ತೆಂಟು. ಐದು ಮಾತುಕತೆಗೆ ಇಷ್ಟು ದುಡಿಮೆ ಇರಲು ಸಾಧ್ಯವಿಲ್ಲ, ಎರಡನೇ ಅಂಕಿ ಕೆಟ್ಟಿದೆ ಎಂದುಕೊಂಡೆ. ತಂತಿಗಳನ್ನು ಬಿಚ್ಚಿ ಹಾಕಿದೆ, ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿ ನಿಮ್ಮ ಲೈನೇ ಸರಿಯಿಲ್ಲ ಎಂದು ಜಗಳವಾಡಿದೆ. ಆರು ಸಲದ ಲೆಕ್ಕವನ್ನು ಮುಟ್ಟಲಿಲ್ಲ.

ಎಲ್ಲರ ಫೋನೂ ಖಾಲಿ ಕರೆಗಳಿಂದ ತುಂಬಿಹೋಗಿತ್ತು. ನಿಜವಾದ ಕರೆ ಒಳಗೆ ಬರಲು ಜಾಗವಿರಲಿ ಎಂದು ನಾನೇ ಹೇಳಿದೆ: ಎತ್ತಿ ಮೂರು ಸೆಕೆಂಡು ನೋಡಿ, ಸದ್ದಿಲ್ಲದಿದ್ದರೆ ಕತ್ತರಿಸಿ. ಒಬ್ಬ ಹುಡುಗಿ, "ಸತ್ತವರ ಫೋನ್ ಬರ್ಲಾಕತ್ತಾವ ನೋಡ್ರಿ," ಎಂದಳು. ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಆಮೇಲೆ ಎತ್ತಿದೆವು, ಕತ್ತರಿಸಿದೆವು. ನಂಬರ್ ತೋರಿಸುವ ಪರದೆ ಹೆಪ್ಪುಗಟ್ಟಿದಂತೆ ನಿಂತಿತ್ತು. ಯಾರ ಕರೆ ಎಂದು ನೋಡುವಂತಿರಲಿಲ್ಲ.

ನಾಲ್ಕು ಗಂಟೆಗೆ ಇನ್ನೊಬ್ಬ ಡ್ರೈವರ್ ಮೆಟ್ಟಿಲು ಹತ್ತಿ ಬಂದ. ಏದುಸಿರು ಬಿಡುತ್ತಿದ್ದ. ಮ್ಯಾನೇಜರರ ಕಡೆ ಹೋಗದೆ ನೇರ ನನ್ನ ಹತ್ತಿರ ಬಂದು ನಿಂತ. "ಬಾ, ತಂಗಿ," ಎಂದ. ತಿರುಗಿ ಮೆಟ್ಟಿಲು ಇಳಿಯತೊಡಗಿದ.

ಅದು ನಡೆದ ಊರಿನ ಹೆಸರು ಬರೆಯುವುದಿಲ್ಲ. ಅಣ್ಣ ಅಲ್ಲಿಗೆ ಹೋಗುವ ಹೊತ್ತಿಗೆ ಟ್ಯಾಂಕರಿನಲ್ಲಿ ಅರ್ಧ ನೀರಷ್ಟೇ ಉಳಿದಿತ್ತು. ಉಳಿದರ್ಧವನ್ನು ಹಿಂದಿನ ಊರಿನವರು ಅಡ್ಡಗಟ್ಟಿ ಇಳಿಸಿಕೊಂಡಿದ್ದರು. ಅರ್ಧ ನೀರು ಕಂಡು ಜನ ಡ್ರೈವರ್ ಮಾರಿಕೊಂಡಿದ್ದಾನೆ ಎಂದರು. ಕಲ್ಲು ಬಿದ್ದವು. ಮುಂದಿನ ಗಾಜು ಒಡೆಯಿತು. ಒಬ್ಬನು ಬಾಗಿಲು ತೆಗೆದು ಅಣ್ಣನ ಕೊರಳಪಟ್ಟಿ ಹಿಡಿದು ಎಳೆದ. ಅಣ್ಣ ಪಾನಾದಿಂದ ಅವನ ಭುಜಕ್ಕೆ ಹೊಡೆದ. ಭುಜದ ಎಲುಬು ಮುರಿಯಿತು. ಆಮೇಲೆ ಜನ ಅಣ್ಣನನ್ನು ಕೆಳಗೆಳೆದು ಪೈಪಿನ ಕಬ್ಬಿಣದ ತುದಿಯಿಂದ ತಲೆಗೆ ಹೊಡೆದರು, ಎಷ್ಟು ಸಲ ಎಂದು ಯಾರೂ ಹೇಳಲಿಲ್ಲ. ಔರಾದ ಆಸ್ಪತ್ರೆಯಲ್ಲಿ ನಾನು ಸತ್ತ ಅಣ್ಣನ ಮುಖವನ್ನು ಒಂದು ಕಡೆಯಿಂದ ಮಾತ್ರ ನೋಡಿದೆ. ಇನ್ನೊಂದು ಕಡೆಯ ಬಟ್ಟೆಯನ್ನು ತೆಗೆಯಲು ವೈನಿ ಬಿಡಲಿಲ್ಲ. ನಾನು ಬರುವ ಮೊದಲೇ ಅವಳು ನೋಡಿದ್ದಳು.

ಊರಿನವರು ಪೊಲೀಸರಿಗೆ ಒಂದೇ ಮಾತು ಹೇಳಿದರು. ಡ್ರೈವರ್ ಯಾರಿಗೂ ಫೋನ್ ಮಾಡಲಿಲ್ಲ, ಸಹಾಯ ಕೇಳಲಿಲ್ಲ, ಬಂದವನೇ ಕಬ್ಬಿಣ ಎತ್ತಿದ. ಮ್ಯಾನೇಜರರೂ ಅದನ್ನೇ ಹೇಳಿದರು. ನಿಯಮ ಇದೆ, ಫೋನ್ ಮಾಡಿದ್ದರೆ ಜೀಪು ಹೋಗುತ್ತಿತ್ತು, ಅವನು ಮಾಡಲಿಲ್ಲ. ಅಣ್ಣನ ಮೊಬೈಲು ಟ್ಯಾಂಕರಿನ ಚಕ್ರಕ್ಕೆ ಸಿಕ್ಕಿ ಪುಡಿಯಾಗಿತ್ತು.

ಐದನೆಯ ದಿನ ವೈನಿ ಆಫೀಸಿಗೆ ಬಂದಳು. ಸೆರಗಿನಲ್ಲಿ ಕಲ್ಲು ತಂದಿದ್ದಳು. ಮೊದಲು ಮ್ಯಾನೇಜರರ ಮೇಜಿನ ಗಾಜು ಒಡೆದಳು, ಆಮೇಲೆ ಒಂದು ಫೋನು.

"ಅವರು ಫೋನ್ ಮಾಡ್ದೇ ಇರಾವರಲ್ಲ," ಎಂದಳು.

"ಬಂದಿದ್ದರ ನಮ್ಮ ಹುಡುಗ್ಯಾರು ಎತ್ತತಿದ್ದರಮ್ಮ," ಎಂದರು ಮ್ಯಾನೇಜರರು.

ವೈನಿ ನನ್ನ ಕಡೆ ತಿರುಗಿದಳು. "ನೀ ಇದ್ದಿ ಅಲ್ಲ ಇಲ್ಲಿ. ಹೇಳು. ಬಂದಿತ್ತೋ ಇಲ್ಲೋ?"

"ಬಂದಿಲ್ಲ ವೈನಿ," ಎಂದೆ. ಆಗ ಅದು ಸುಳ್ಳಾಗಿರಲಿಲ್ಲ. ನನಗೆ ಗೊತ್ತಿದ್ದದ್ದು ಅಷ್ಟೇ.

ಅವಳು ತವರಿಗೆ ಭಾಲ್ಕಿಗೆ ಹೋದಳು. ಹೈದರಾಬಾದಿನ ಮನುಷ್ಯ ಡಬ್ಬಿ ರಿಪೇರಿಗೆ ಬಂದ. ನನ್ನ ಆರು ಸಲದ ಲೆಕ್ಕ ನೋಡಿ ಅದನ್ನು ಮೊದಲಿನಂತೆ ಎರಡಕ್ಕೆ ಇಳಿಸಿದ. ನಡೆಯುತ್ತಿರುವ ಮಾತು ಡಬ್ಬಿಗೆ ಅಷ್ಟು ಭಾರವಲ್ಲ, ಪ್ರತಿ ಕರೆಯನ್ನು ಹೊಸದಾಗಿ ಜೋಡಿಸುವುದು, ಮುರಿಯುವುದು, ಮತ್ತೆ ಜೋಡಿಸುವುದು ಭಾರ ಎಂದು ಹೇಳಿದ. ಟ್ಯಾಂಕರಿನ ಹತ್ತಿರವೂ ಹಾಗೆಯೇ ಅಲ್ಲವೇ ಎನಿಸಿತು ನನಗೆ. ಪೈಪು ಜೋಡಿಸುವಾಗ ಹೊಡೆದಾಟ, ನೀರು ಬೀಳತೊಡಗಿದ ಮೇಲೆ ಎಲ್ಲರೂ ಸುಮ್ಮನೆ ಕೊಡ ನೋಡುತ್ತಾ ನಿಲ್ಲುತ್ತಾರೆ. "ತಪ್ಪು ನಂದೂ ಅದ," ಎಂದು ಅವನು ತನ್ನ ಮುರುಕು ಕನ್ನಡದಲ್ಲಿ ಅಂದ. "ನಾನೇ ಬರೀ ಮಾತು ಎಣಿಸು ಅಂದೆ." ಹೋಗುವ ಮೊದಲು ಡಬ್ಬಿಯಲ್ಲಿ ಉಳಿದಿದ್ದ ಆ ದಿನದ ಕರೆಗಳ ದಾಖಲೆ ತೆರೆದು ನೋಡುವುದನ್ನು ಕಲಿಸಿದ.

ದಾಖಲೆಯಲ್ಲಿ ಸಾವಿರಾರು ಸಾಲು. ಅಣ್ಣನ ನಂಬರನ್ನು ಹುಡುಕಿದೆ. ಮೂರು ಸಾಲು ಸಿಕ್ಕವು. ಮೂರು ಗಂಟೆಗೆ ಹತ್ತು ನಿಮಿಷ ಇರುವಾಗ ಮೊದಲನೆಯದು, ನಾಲ್ಕು ಸೆಕೆಂಡು. ಎರಡು ನಿಮಿಷದ ಮೇಲೆ ಎರಡನೆಯದು, ಮೂರು ಸೆಕೆಂಡು. ಕೂಡಲೇ ಮೂರನೆಯದು, ಮೂರು ಸೆಕೆಂಡು. ಯಾವ ಕುರ್ಚಿಯವರು ಎತ್ತಿದರು, ಯಾವ ಕಡೆಯಿಂದ ಕತ್ತರಿಸಿತು ಎಂದೂ ಅದರಲ್ಲಿತ್ತು. ಮೊದಲನೆಯದು ಪಕ್ಕದ ಹುಡುಗಿಯದು. ಉಳಿದೆರಡು ನನ್ನವು. ಅವನು ಆ ಕಡೆ ಮಾತಾಡುತ್ತಿದ್ದ. ನಾನು ಈ ಕಡೆ ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸಿ ಕತ್ತರಿಸಿದ್ದೆ. ಎರಡು ಸಲ.

ಆ ಮೂರು ಸಾಲು ತೋರಿಸಿದರೆ ಅಣ್ಣ ನಿಯಮದಂತೆ ನಡೆದಿದ್ದ, ಸಹಾಯ ಕೇಳಿದ್ದ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ವೈನಿಗೆ ಬೇಕಾಗಿದ್ದದ್ದು ಅಷ್ಟೇ. ತೋರಿಸಿದರೆ ವೈನಿ ನನಗೆ ಉಳಿಯುವುದಿಲ್ಲ. ಆ ಸಾಲುಗಳನ್ನು ಹಾಳೆಯ ಮೇಲೆ ಮುದ್ರಿಸಿ, ಹನ್ನೊಂದು ದಿನ ಆ ಹಾಳೆಯನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು ತಿರುಗಿದೆ. ಬೆವರಿಗೆ ಮಸಿ ಹಬ್ಬಿದಾಗ ಇನ್ನೊಂದು ಮುದ್ರಿಸಿಕೊಂಡೆ. ಹನ್ನೆರಡನೆಯ ದಿನ ಭಾಲ್ಕಿ ಬಸ್ಸು ಹತ್ತಿದೆ.

ವೈನಿ ಅಂಗಳದಲ್ಲಿ ತೊಗರಿ ಬೀಸುತ್ತಿದ್ದಳು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಆರು ಸಲದ ಮಾತು, ಮೂರು ಸೆಕೆಂಡಿನ ಮಾತು, ನಾವು ನಕ್ಕ ಮಾತನ್ನೂ. ಅವಳು ಬೀಸುವುದನ್ನು ನಿಲ್ಲಿಸದೆ ಕೇಳಿದಳು. ಮುಗಿದ ಮೇಲೆ ಬೀಸುಕಲ್ಲಿನ ಹಿಡಿಗೂಟವನ್ನು ಕಿತ್ತು ಎದ್ದು ನನ್ನ ಮುಖಕ್ಕೆ ಹೊಡೆದಳು. ಹುಬ್ಬು ಸೀಳಿತು. ಬಿದ್ದ ನನ್ನ ಜಡೆ ಹಿಡಿದು ನೆಲಕ್ಕೆ ಎರಡು ಸಲ ಬಡಿದಳು. ಅವಳ ಅಪ್ಪ ಓಡಿಬಂದು ರಟ್ಟೆ ಹಿಡಿದರು.

"ಬಿಡ್ರಿ ಕಾಕಾ, ಹೊಡೀಲಿ," ಎಂದೆ.

"ನೀ ಬಾಯಿ ಮುಚ್ಚು," ಎಂದರು ಅವರು. "ನಿನ್ನ ಸಲುವಾಗಿ ಬಿಡಸ್ಲಾಕತ್ತಿಲ್ಲ ನಾ. ಇಕಿ ಜೇಲಿಗಿ ಹೋಗಬಾರದು."

ವೈನಿ ಉಸಿರು ತಿರುಗಿದ ಮೇಲೆ, "ಕಾಗದ ಎಲ್ಲದ?" ಎಂದಳು. ಕೊಟ್ಟೆ. ಅವಳಿಗೆ ಅಂಕಿಗಳು ಬರುತ್ತಿದ್ದವು. ಗಂಡನ ನಂಬರನ್ನು ಮೂರು ಸಲವೂ ಬೆರಳಿಟ್ಟು ಓದಿದಳು. "ನಡಿ," ಎಂದಳು.

ಔರಾದ ಠಾಣೆಯಲ್ಲಿ ಅಂದು ಆ ಊರಿನ ಕೆಲವರನ್ನು ಹೇಳಿಕೆಗೆ ಕರೆಸಿದ್ದರು. ಅವರ ಎದುರಿಗೇ ನಾನು ಮೂರು ಸಾಲುಗಳನ್ನು ಓದಿದೆ. ಹುಬ್ಬಿನ ಗಾಯ ಮತ್ತೆ ಬಿಚ್ಚಿ ರಕ್ತ ಕಣ್ಣಿಗೆ ಇಳಿಯುತ್ತಿತ್ತು, ಓಢಣಿಯಿಂದ ಒತ್ತಿಕೊಂಡು ಓದಿದೆ. ಕತ್ತರಿಸಿದವರು ಯಾರು ಎಂದು ಅಧಿಕಾರಿ ಕೇಳಿದರು. ನಾನು ಎಂದೆ. ಬರೆದುಕೊಳ್ಳಿರಿ ಎಂದೆ.

ಗೋಡೆಗೆ ಒರಗಿ ಕುಳಿತಿದ್ದ ಒಬ್ಬ ಮುದುಕಿ ಆಗ ಮಾತಾಡಿದಳು. "ಖರೆ ಅದರಿ ಸಾಹೇಬ್ರೆ. ಗಾಡ್ಯಾಗ ಕುಂತು ಕಿವಿಗಿ ಫೋನ್ ಹಚ್ಚಿಕೊಂಡು ಹಲೋ ಹಲೋ ಅಂತಿದ್ದ. ನಾವೇ ನಾಟಕ ಮಾಡ್ಲಾಕತ್ತಾನ ಅಂದಿವಿ."

ಅವಳ ಊರಿನವನೊಬ್ಬ ಅವಳ ಬೆನ್ನಿಗೆ ಒದ್ದ. ಪೇದೆಯೊಬ್ಬ ಅವನ ಕೆನ್ನೆಗೆ ಬಾರಿಸಿದ. ಮುದುಕಿ ಎದ್ದು ಸೀರೆ ಕೊಡವಿಕೊಂಡು, "ಒದಿ. ಅವನಿಗಿ ಹೊಡೆದಾಂಗ ನನಗೂ ಹೊಡಿ. ನಾ ನೋಡೀನಿ, ನೋಡೀನಿ ಅಂತೇನಿ," ಎಂದಳು. ಅಧಿಕಾರಿ ಅದನ್ನು ಬರೆದುಕೊಂಡರು. ಡ್ರೈವರ್ ಮೊದಲು ಮೂರು ಸಲ ಫೋನ್ ಮಾಡಿದ್ದ, ಆಮೇಲೆ ಎಳೆದವನಿಗೆ ಹೊಡೆದ ಎಂದು ಕಾಗದದಲ್ಲಿ ಬಂತು. ವೈನಿ ಅದನ್ನು ಎರಡು ಸಲ ಓದಿಸಿ ಕೇಳಿ, ಸಹಿ ಮಾಡಿದಳು.

ಹೊರಗೆ ಬಿಸಿಲು. ಭಾಲ್ಕಿ ಕಡೆಯ ಬಸ್ಸು ನಿಂತಿತ್ತು. ವೈನಿ ನನ್ನ ಹುಬ್ಬನ್ನು ನೋಡಿದಳು. "ಹೊಲಿಗಿ ಹಾಕಿಸ್ಕೋ," ಎಂದಳು. ಆಸ್ಪತ್ರೆ ಯಾವ ಕಡೆ ಎಂದು ಕೈ ತೋರಿಸಿದಳು. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಅವರ ಹೆಸರು ಉಳೀತು," ಎಂದಳು. "ನೀ ಇನ್ನ ನನ್ನ ಮುಂದ ಬರಬ್ಯಾಡ."

ಆಗಲಿ ವೈನಿ ಎಂದೆ. ಅವಳು ಬಸ್ಸು ಹತ್ತಿ ಆಚೆ ಬದಿಯ ಕಿಟಕಿಗೆ ಕುಳಿತಳು, ನಾನು ಕಾಣದ ಬದಿಗೆ. ಬಸ್ಸು ಹೋದ ಮೇಲೆ ನಾನು ಆಸ್ಪತ್ರೆಗೆ ನಡೆದೆ. ಐದು ಹೊಲಿಗೆ ಬಿದ್ದವು. ಹೇಗಾಯಿತು ಎಂದು ನರ್ಸ್ ಕೇಳಿದಳು. ನಮ್ಮ ವೈನಿ ಹೊಡೆದಳು ಎಂದೆ.